ಕೈಗುಣದ ಮೊಹರು

ಕಂತು ಒಂಬತ್ತು

ಮಾನ್ಯ ವಾಚಕ ಮಹಾಶಯರೇ! ಒಂದು ಮೊಹರನ್ನು ಕೊರೆಯುವುದಕ್ಕೆ ಎಷ್ಟು ಹೊತ್ತು ಹಿಡಿಯುವುದೆಂಬ ವಿಚಾರವು ತಮ್ಮ ಮನಸ್ಸಿಗೆ ಎಂದಾದರೂ ಬಂದದ್ದುಂಟೆ? ಬಂದಿರಲಾರದು. ಮೊಹರು ಒತ್ತಿಸಿಕೊಳ್ಳುವ ಸಲುವಾಗಿ ಕಚೇರಿಗಳ ಬಾಗಿಲಲ್ಲಿ ನಿಲ್ಲುವ ನಮ್ಮಂಥವರಿಗೆ ಅದು ಎಲ್ಲಿ ಹುಟ್ಟಿತು, ಯಾವ ದಿನ ಹುಟ್ಟಿತು ಎಂದು ಕೇಳುವ ವ್ಯವಧಾನವಾದರೂ ಎಲ್ಲಿಯದು? ಆದರೆ ಹಡಗಲಿ ಕೋರ್ಟಿನಲ್ಲಿ ಸಮನ್ಸು ಮುಟ್ಟಿಸುತ್ತಿದ್ದ ನಿವೃತ್ತ ಅಮೀನ ಕರಿಸಿದ್ದಪ್ಪನು ಒಂದು ಮೊಹರು ಯಾವ ದಿನ ಹುಟ್ಟಿತೆಂಬ ಒಂದೇ ಪ್ರಶ್ನೆಯನ್ನು ಹೊತ್ತುಕೊಂಡು, ಹನ್ನೆರಡು ದಿವಸಗಳಿಂದ ಐದು ತಾಲ್ಲೂಕುಗಳ ಮೊಹರಿನ ಅಂಗಡಿಗಳನ್ನೆಲ್ಲ ಸುತ್ತಿ, ಈಗ ಕೊಟ್ಟೂರಿನ ಕಮಾಲಸಾಬನ ಎದುರಿಗೆ ಬಂದು ಕುಳಿತಿದ್ದಾನೆ. ನಾಳೆ ಹನ್ನೊಂದು ಗಂಟೆಯ ವಿಚಾರಣೆಯೊಳಗೆ ಉತ್ತರ ಸಿಗದಿದ್ದರೆ ನಿರಪರಾಧಿಯೊಬ್ಬನು ನೌಕರಿಯನ್ನೂ ಮಾನವನ್ನೂ ಕಳೆದುಕೊಂಡು ಜೈಲು ಸೇರಲಿದ್ದಾನೆ. ಆದ್ದರಿಂದ ತಾವು ದಯಮಾಡಿ ಗದ್ದಲ ಮಾಡದೆ, ಅಂಗಡಿಯ ಕಟ್ಟೆಯ ಮೇಲೆ ಒಂದಿಷ್ಟು ಜಾಗ ಮಾಡಿಕೊಂಡು ಕುಳಿತುಕೊಳ್ಳಬೇಕಾಗಿ ವಿನಂತಿ.

"ಇದು ನಂದ ಕೈ," ಎಂದ ಕಮಾಲಸಾಬ.

ಭೂತಕನ್ನಡಿಯನ್ನು ಕೆಳಗಿಟ್ಟು, ಕೌಂಟರಿನ ಮೇಲಿದ್ದ ಜೆರಾಕ್ಸ್ ಕಾಗದವನ್ನು ಅವನು ಒಂದು ಬೆರಳಿನಿಂದ ಮೆಲ್ಲನೆ ಅಮೀನನ ಕಡೆಗೆ ಸರಿಸಿದ. ಎಪ್ಪತ್ತು ದಾಟಿದ ಆ ಬೆರಳು ನಡುಗುತ್ತಿತ್ತು. ಉಳಿ ಹಿಡಿದಾಗ ಮಾತ್ರ ಅದು ನಡುಗುವುದಿಲ್ಲವೆಂದು ಊರೆಲ್ಲ ಹೇಳುತ್ತದೆ.

"ಖಾತ್ರಿ ಏನ್ರಿ ಸಾಬ್ರೆ?"

"ನೋಡ್ರಿ ಅಮೀನ್ರೆ, ಕೆಳಗ ದುಂಡು ಗೆರಿ ಕೂಡೋ ಕಡಿ ಸಜ್ಜಿ ಕಾಳಿನಷ್ಟು ಬಿಟ್ಟೀನಿ. ಕಣ್ಣು ಮುಚ್ಚಿ ಬೆರಳಾಡ್ಸಿದ್ರೂ ಮೊಹರಿನ ಬುಡ ಯಾವುದು ಅಂತ ತಿಳೀಬೇಕು. ನಮ್ಮಪ್ಪ ಕಲಿಸಿದ್ದು. ಮಿಷನ್ನಿನ ಮೊಹರಿಗೆ ಇದು ಇರಂಗಿಲ್ಲ."

ಹಿಂದೆ ಕಂಪ್ಯೂಟರಿನ ಮುಂದೆ ಕುಳಿತಿದ್ದ ಅವನ ಮಗಳು ಮುಸ್ಕಾನ್ ತಲೆಯೆತ್ತದೆ ಹೇಳಿದಳು: "ಮಿಷನ್ನಿನ ಮೊಹರಿಗೆ ಹತ್ತು ನಿಮಿಷ ಸಾಕು ಚಾಚಾ. ಅಬ್ಬಾನದಕ್ಕ ಎರಡು ದಿವಸ, ಹನ್ನೆರಡು ಕಪ್ ಚಾ."

"ಈ ಮೊಹರು ಕೊರಿಸಿದ ಏಕಾಂತಪ್ಪಾರು ನಿನ್ನ ಮಿಷನ್ ಕಡಿ ಒಂದಿನಾನರ ಹೊಳ್ಳಿ ನೋಡ್ಯಾರೇನು?"

"ಅವರಿಗೆ ಅಕ್ಷರ ಬ್ಯಾಡ. ನಿನ್ನ ಕೈಗುಣ ಬೇಕು."

ಕರಿಸಿದ್ದಪ್ಪ ಆ ಮಾತನ್ನು ಮನಸ್ಸಿನಲ್ಲೇ ಮಡಿಚಿಟ್ಟುಕೊಂಡ.

ಕೌಂಟರಿನ ಮೇಲಿದ್ದ ಜೆರಾಕ್ಸು ಒಂದು ಒಪ್ಪಿಗೆ ಪತ್ರದ್ದು. ಮಾರುತಾಕ್ಷಿ ಪವನಶಕ್ತಿ ಕಂಪನಿಯು ಕೊಡಮಾಡಿದ ದೊಡ್ಡ ಹುದ್ದೆಯನ್ನು ಸಂತೋಷದಿಂದ ಒಪ್ಪಿಕೊಂಡಿದ್ದೇನೆಂದು ಹಲವಾಗಲಿನ ಏಕಾಂತಪ್ಪ ಬರೆದುಕೊಟ್ಟ ಪತ್ರ. ಕೆಳಗೆ ಅವನ ಸಹಿ. ಸಹಿಯ ಮೇಲೆ ದುಂಡನೆಯ ಮೊಹರು: 'ಕಾರ್ಯನಿರ್ವಾಹಕ ಉಪಾಧ್ಯಕ್ಷರು'. ತಾರೀಖು ಕಳೆದ ವರ್ಷದ ಆಯುಧಪೂಜೆಯ ದಿನದ್ದು.

ಆಯುಧಪೂಜೆಯ ದಿನ ಏಕಾಂತಪ್ಪ ಇನ್ನೂ ಸರ್ಕಾರಿ ಮಂಡಳಿಯೊಂದರ ಅಧ್ಯಕ್ಷ. ಗಾಳಿ ಕಂಪನಿಗಳಿಗೆ ಸರ್ಕಾರದ ಗುಡ್ಡಗಳನ್ನು ಗುತ್ತಿಗೆ ಕೊಡಬೇಕಾದರೆ ಅವನ ಸಹಿಯೇ ಬೀಳಬೇಕು. ಬಿದ್ದಿತು ಕೂಡ. ಮುಂದಿನ ತಿಂಗಳೇ ಗುಡೇಕೋಟೆಯ ಕುರಿದನ ಮೇಯುವ ಗುಡ್ಡಗಳಷ್ಟೂ ಮಾರುತಾಕ್ಷಿಯ ಪಾಲಾದವು. ಡಿಸೆಂಬರಿನಲ್ಲಿ ರಾಜೀನಾಮೆ. ಫೆಬ್ರವರಿಯಲ್ಲಿ ಅದೇ ಕಂಪನಿಯ ತಣ್ಣನೆಯ ಕೋಣೆ, ತಿರುಗುವ ಕುರ್ಚಿ. ಕಂಪನಿಯವರು ತನ್ನನ್ನು ಕರೆದದ್ದೂ ಫೆಬ್ರವರಿಯಲ್ಲೇ, ಆ ಮೊಹರು ಹುಟ್ಟಿದ್ದೂ ಫೆಬ್ರವರಿಯಲ್ಲೇ ಎಂದು ಅವನು ಲಿಖಿತವಾಗಿ ಹೇಳಿದ್ದಾನೆ.

ಹಾಗಾದರೆ ಫೆಬ್ರವರಿಯ ಮೊಹರು ಅಕ್ಟೋಬರಿನ ಕಾಗದದ ಮೇಲೆ ಬಿದ್ದದ್ದು ಹೇಗೆ? ಮಂಡಳಿಯ ಹರಪನಹಳ್ಳಿ ಶಾಖೆಯ ಗುಮಾಸ್ತ ಅರುಣಕುಮಾರ್ ಮೊಹರನ್ನು ಕದ್ದು ಒತ್ತಿದ, ಸಹಿಯನ್ನೂ ತಾನೇ ಗೀಚಿದ ಎಂಬುದು ಆರೋಪ. ಗುಡೇಕೋಟೆಯ ಕಡತದೊಳಗೆ ಯಾರೋ ಮರೆತಿಟ್ಟಿದ್ದ ಆ ಪತ್ರವನ್ನು ಕಂಡು, ಜೆರಾಕ್ಸು ಮಾಡಿಸಿ ಮೇಲಿನವರಿಗೆ ಕಳಿಸಿದ್ದೊಂದೇ ಅವನು ಮಾಡಿದ್ದು. ಮರುದಿನ ಮೂಲಪತ್ರ ಮಾಯವಾಗಿತ್ತು. ಅದರ ಮರುವಾರ ಅರುಣಕುಮಾರ್ ಅಮಾನತ್ತಾಗಿದ್ದ.

"ಯಾವಾಗ ಕೊರದ್ರಿ ಸಾಬ್ರೆ?"

ಕಮಾಲಸಾಬ ಕೈಯಲ್ಲಿದ್ದ ಇನ್ನೊಂದು ಹೊಸ ಮೊಹರಿನ ಮರದ ಹಿಡಿಯನ್ನು ಉಪ್ಪುಕಾಗದದಿಂದ ಉಜ್ಜತೊಡಗಿದ.

"ಇಪ್ಪತ್ತೆರಡು ವರ್ಷದ ಗಿರಾಕಿ ಅಮೀನ್ರೆ. ಹಲವಾಗಲಿನಾಗ ಪಂಚಾಯ್ತಿ ಅಧ್ಯಕ್ಷ ಆದಾಗಿಂದ ನನ್ನ ಕಡಿನ ಬರ್ತಾರ. ನನ್ನ ಕೈಲೆ ಕೊರಿಸಿದ್ರ ಕುರ್ಚಿ ಏರಿಕೋಂತನ ಹೋಕ್ಕೈತಂತ. ಕುರ್ಚಿ ಇನ್ನ ಸಿಕ್ಕಿರಂಗಿಲ್ಲ, ಮೊದಲ ಬಂದು ಮೊಹರು ಕೊರಿಸ್ತಾರ. ಚಲೋ ದಿವಸ ನೋಡಿ ತಗೊಂಡು ಹೋಗಿ, ಅವತ್ತ ಒಂದು ಕಾಗದಕ್ಕ ಒತ್ತತಾರ. ನನ್ನ ಕೆಲಸ ಕೊರಿಯೋದು. ಮಂದೀದು ನನಗ್ಯಾಕ?"

ಕಟ್ಟೆಯ ತುದಿಯಲ್ಲಿ ಬುತ್ತಿಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ ಹೆಂಗಸು ಆಗ ಮಾತನಾಡಿದಳು. ಅವಳು ಅರುಣಕುಮಾರನ ಹೆಂಡತಿ ಪುಷ್ಪಲತಾ.

"ಅಜ್ಜಾರೆ, ನಮ್ಮ ಮನಿಯವರು ಮೂರು ತಿಂಗಳಿಂದ ಏನ್ ಮಾಡ್ತಾರ ಗೊತ್ತೇನ್ರಿ? ಹಾಳಿ ಹಾಳಿ ತುಂಬ ಏಕಾಂತಪ್ಪಾರ ಸಹಿ ಮಾಡಿ ನೋಡ್ತಾರ. 'ನೋಡು ಪುಷ್ಪಾ, ಹಿಂಗ ನನಗ ಬರಂಗಿಲ್ಲ, ನಾ ಮಾಡಿಲ್ಲ' ಅಂತ ನನಗ ತೋರಸ್ತಾರ. ದಿನಾ ಒಂದೀಟು ಅದರಂಗ ಬರಾಕ ಹತ್ತೇತಿ. ಆ ಹಾಳಿ ಯಾರರ ನೋಡಿದ್ರ ಏನ್ ಗತಿ ಅಂತ ನಾ ಅವನ್ನೆಲ್ಲ ಒಲಿಗೆ ಹಾಕ್ತೀನಿ. ಇನ್ನ ಹದಿನೈದು ದಿವಸ ಹಿಂಗ ಆದ್ರ, ನಾನ ಮಾಡಿದ್ನೇನೋ ಅಂತ ಅವರ ಹೇಳ್ತಾರ."

ಉಪ್ಪುಕಾಗದದ ಸದ್ದು ನಿಂತಿತು.

"ಅಬ್ಬಾ," ಎಂದಳು ಮುಸ್ಕಾನ್. "ಪುಸ್ತಕ ತಗೀತೀಯೋ, ನಾ ತಗೀಲೋ?"

ಕಮಾಲಸಾಬ ನಿಟ್ಟುಸಿರು ಬಿಟ್ಟು ಎದ್ದ. ಅಟ್ಟದ ಮೇಲಿನ ತಗಡಿನ ಪೆಟ್ಟಿಗೆಯಿಂದ ಕೆಂಪು ರಟ್ಟಿನ ದಪ್ಪ ಪುಸ್ತಕವೊಂದನ್ನು ತಂದು ಕೌಂಟರಿನ ಮೇಲಿಟ್ಟ. ಹಿಂದೊಮ್ಮೆ ಯಾರೋ ತಹಶೀಲ್ದಾರರ ಕಳ್ಳ ಮೊಹರು ಮಾಡಿಸಿ ಸಿಕ್ಕಿಬಿದ್ದಾಗ, ಪೊಲೀಸರು ಕಮಾಲಸಾಬನನ್ನೂ ಎಳೆದೊಯ್ದು ಎರಡು ದಿನ ಕೂರಿಸಿದ್ದರು. ಅಂದಿನಿಂದ ಅವನದೊಂದು ಕಟ್ಟುಪಾಡು. ಯಾವ ಮೊಹರೇ ಆಗಲಿ, ಕೊರೆದು ಹಿಡಿ ಕೂಡಿಸಿದ ಕೂಡಲೇ ಅದರ ಮೊದಲ ಒತ್ತು ಈ ಪುಸ್ತಕದಲ್ಲಿ ಬೀಳಬೇಕು. ಪಕ್ಕದಲ್ಲಿ ತಾರೀಖು, ಒಯ್ಯುವವರ ಸಹಿ. ಸಹಿ ಮಾಡದವರಿಗೆ ಮೊಹರಿಲ್ಲ.

ನೇರಳೆ ಶಾಯಿಯ ಒತ್ತುಗಳು ಪುಟದಿಂದ ಪುಟಕ್ಕೆ ಹೊರಳಿದವು. ಹಾಲಿನ ಡೇರಿಯ ಕಾರ್ಯದರ್ಶಿ, ಶಾಲೆಯ ಮುಖ್ಯೋಪಾಧ್ಯಾಯಿನಿ, ದಸ್ತಾವೇಜು ಬರಹಗಾರ. ಕಮಾಲಸಾಬನ ಬೆರಳು ಒಂದು ಕಡೆ ನಿಂತಿತು.

ಆಯುಧಪೂಜೆ, ಬೆಳಿಗ್ಗೆ. ದುಂಡನೆಯ ಮೊಹರು. 'ಕಾರ್ಯನಿರ್ವಾಹಕ ಉಪಾಧ್ಯಕ್ಷರು'. ಬುಡದಲ್ಲಿ ಸಜ್ಜೆಕಾಳಿನಷ್ಟು ಬಿಡುವು. ಅದರ ಪಕ್ಕದಲ್ಲಿ, ಕೊನೆಯ ಅಕ್ಷರದ ಬಾಲವನ್ನು ಪುಟದ ಅಂಚಿನವರೆಗೆ ಎಳೆದ ಏಕಾಂತಪ್ಪನ ಸಹಿ.

ಪುಷ್ಪಲತಾ ಸೆರಗನ್ನು ಬಾಯಿಗೊತ್ತಿಕೊಂಡಳು. ಅವಳು ಅಳುತ್ತಿದ್ದಾಳೋ ನಗುತ್ತಿದ್ದಾಳೋ ಕರಿಸಿದ್ದಪ್ಪನಿಗೆ ತಿಳಿಯಲಿಲ್ಲ.

ಮೂವತ್ತನಾಲ್ಕು ವರ್ಷ ಅಮೀನನಾಗಿ ದುಡಿದ ಕರಿಸಿದ್ದಪ್ಪನಿಗೆ ಮುಂದಿನ ಕೆಲಸದ ಬಗ್ಗೆ ಸಂದೇಹವಿರಲಿಲ್ಲ. ತಲೆಮರೆಸಿಕೊಂಡವರನ್ನು ಹುಡುಕಿ ಸಮನ್ಸು ಮುಟ್ಟಿಸುವುದು, ಮುಟ್ಟಿಸಿದ್ದನ್ನು ಕುರ್ಚಿಯ ಮೇಲೆ ಕುಳಿತವರಿಗೆ ವರದಿ ಮಾಡುವುದು. ಅವನಿಗೆ ಗೊತ್ತಿದ್ದುದು ಅಷ್ಟೇ. ಅವನು ತನ್ನ ಗುಂಡಿ ಒತ್ತುವ ಪುಟ್ಟ ಫೋನಿನಿಂದ ಅರುಣಕುಮಾರನ ಮೇಲಿನ ಆರೋಪದ ವಿಚಾರಣಾಧಿಕಾರಿ ಕ್ರಾಂತಿಕುಮಾರ್ ಅವರಿಗೆ ಕರೆ ಮಾಡಿದ. ಮಾತನಾಡುವಾಗ ಅಭ್ಯಾಸಬಲದಿಂದ ಎದ್ದುನಿಂತ.

ಹದಿನೆಂಟು ದಿನಗಳಲ್ಲಿ ನಿವೃತ್ತರಾಗಲಿದ್ದ ಆ ಅಧಿಕಾರಿಯ ದನಿ ಶಾಂತವಾಗಿತ್ತು. "ಒಳ್ಳೆಯ ಕೆಲಸ ಮಾಡಿದ್ದೀರಿ ಕರಿಸಿದ್ದಪ್ಪನವರೇ. ನನಗೆ ಮೂಲ ಪುಸ್ತಕವೇ ಬೇಕು. ಇಂದು ಸಂಜೆ ನಾಲ್ಕರೊಳಗೆ ಹರಪನಹಳ್ಳಿಯ ಪ್ರವಾಸಿ ಮಂದಿರದಲ್ಲಿ ನನ್ನ ಕೈಗೇ ಕೊಡಿಸಿ. ಯಾರು ತರುತ್ತಾರೆ?"

"ನಾಕು ಗಂಟಿಯೊಳಗ ಹುಡುಗನ ಹೆಂಡ್ತೀನ ತರ್ತಾಳ ಸ್ವಾಮಿ. ಒಂದೂವರಿ ಬಸ್ಸಿಗೆ ಹತ್ತಸ್ತೀನಿ. ನಾ ಇಲ್ಲಿ ಸಾಬರ ಹೇಳಿಕಿ ಬರಕೊಂಡು ಹಿಂದಲ ಬರ್ತೀನಿ."

"ಬಹಳ ಸಂತೋಷ."

ಮುಸ್ಕಾನ್ ತನ್ನ ಫೋನಿನಲ್ಲಿ ಪುಟದ ಚಿತ್ರ ಹಿಡಿದಳು. ಕರಿಸಿದ್ದಪ್ಪ ಕಹಿಯಾಗಿ ನಕ್ಕ. "ಜೆರಾಕ್ಸ್ ಮಾಡಿದೋನ್ನ ಜೈಲಿಗೆ ಕಳಸಾಕ ಹೊಂಟಾರ. ನಿನ್ನ ಫೋಟೊ ನಂಬ್ತಾರೇನು ಮಗಳ? ಪುಸ್ತಕಾನ ಹೋಗಬೇಕು."

ಪುಸ್ತಕವು ಸಜ್ಜೆ ರೊಟ್ಟಿಗಳ ನಡುವೆ ಸೇರಿ ಬುತ್ತಿಗಂಟಾಯಿತು. ಪುಷ್ಪಲತಾ ಅದನ್ನು ಎಳೆಗೂಸಿನಂತೆ ಎದೆಗವಚಿಕೊಂಡು ಬಸ್‌ಸ್ಟ್ಯಾಂಡಿನ ಕಡೆಗೆ ಹೊರಟಳು.

"ಹೇಳಿಕಿ ಕೊಡ್ತೀನಿ ಅಮೀನ್ರೆ," ಎಂದ ಕಮಾಲಸಾಬ, ಅರ್ಧಕ್ಕೆ ನಿಂತಿದ್ದ ಮೊಹರನ್ನು ಎತ್ತಿಕೊಳ್ಳುತ್ತ. "ಇದೊಂದು ಅರ್ಜೆಂಟ್ ಐತಿ. ಹಿಡಿ ಕೂಡಿಸಿ ಬಂದುಬಿಡ್ತೀನಿ." ಅವನು ಹಿಂದಿನ ಕೋಣೆಗೆ ಹೋದ.

ಹತ್ತು ನಿಮಿಷವೂ ಕಳೆದಿರಲಿಲ್ಲ. ಅಂಗಡಿಯ ಮುಂದೆ ಬಿಳಿಯ ಕಾರೊಂದು ಬಂದು ನಿಂತಿತು.

ಇಳಿದವನು ಏಕಾಂತಪ್ಪ. ಖಾದಿ ಜುಬ್ಬದ ಜಾಗದಲ್ಲಿ ಈಗ ಆಕಾಶನೀಲಿಯ ಅಂಗಿ, ಕೊರಳಲ್ಲಿ ಕಂಪನಿಯ ಗುರುತಿನ ಪಟ್ಟಿ. ಹಣೆಯ ವಿಭೂತಿ ಮಾತ್ರ ಹಳೆಯದೇ. ಅವನು ಕಟ್ಟೆಯ ಮೇಲೆ ಕುಳಿತಿದ್ದ ಕರಿಸಿದ್ದಪ್ಪನನ್ನು ನೋಡಿ ಬೆಚ್ಚಲಿಲ್ಲ. ಹುಡುಕುತ್ತಿದ್ದ ನೆಂಟ ಸಿಕ್ಕಿದಂತೆ ಮುಖವರಳಿಸಿದ.

"ಓಹೋಹೋ, ಅಮೀನ್ರು! ಯಾರ ಬಾಗಿಲಿಗೆ ಕಾಗದ ಅಂಟಸಾಕ ಬಂದ್ರಿ?"

"ಯಾರು ಬಾಗಿಲು ತಗಿಯಂಗಿಲ್ಲ, ಅವರ ಬಾಗಿಲಿಗ್ರಿ."

"ನನ್ನ ಬಾಗಿಲು ಇಪ್ಪತ್ತೆರಡು ವರ್ಷದಿಂದ ತಗದ ಐತಲ್ಲ." ಏಕಾಂತಪ್ಪ ಅವನ ಪಕ್ಕದಲ್ಲೇ, ಮೊಣಕಾಲು ತಾಗುವಷ್ಟು ಹತ್ತಿರ ಕುಳಿತ. "ಹೇಳ್ರಿ. ಮಂದಿ ಮದುವಿ, ಮಂದಿ ಮಣ್ಣು, ಮಂದಿ ಪೊಲೀಸ್ ಸ್ಟೇಷನ್ ಅಂತ ತಿರುಗಿ ಮೊಣಕಾಲು ಸವದಾವ. ಈಗ ಒಂದು ತಣ್ಣನ್ನ ರೂಮಿನಾಗ ಕುಂತ್ರ ನಿಮಗೆಲ್ಲ ಹೊಟ್ಟಿಯುರಿ. ಮಾಸ್ತರ್ರು ರಿಟೈರ್ ಆದಮ್ಯಾಲೆ ಟ್ಯೂಶನ್ ಹೇಳಂಗಿಲ್ಲೇನು?"

"ಹೇಳ್ತಾರ್ರಿ. ಆದ್ರ ನೌಕರ್ಯಾಗ ಇದ್ದಾಗ ಪ್ರಶ್ನಿಪತ್ರಿಕಿ ಕೊಟ್ಟು, ಆಮ್ಯಾಲೆ ಅದ ಹುಡುಗನ ಮನಿಗೆ ಟ್ಯೂಶನ್ನಿಗೆ ಹೋದ ಮಾಸ್ತರನ್ನ ನಾ ನೋಡಿಲ್ಲ."

ಕಂಪ್ಯೂಟರಿನ ಹಿಂದಿನಿಂದ ಮುಸ್ಕಾನ್ ಕೆಮ್ಮಿದಳು. ಅದು ಕೆಮ್ಮಾಗಿರಲಿಲ್ಲ.

ಏಕಾಂತಪ್ಪನೂ ನಕ್ಕ. ಅವನು ನಿಜವಾಗಿಯೇ ನಕ್ಕದ್ದನ್ನು ಕರಿಸಿದ್ದಪ್ಪ ಗಮನಿಸಿದ. ಸಿಕ್ಕಿಬಿದ್ದವರು ಹೇಗಿರುತ್ತಾರೆಂಬುದು ಅಮೀನನಿಗೆ ಗೊತ್ತು. ಸಮನ್ಸು ಕಂಡೊಡನೆ ಸಿಟ್ಟಾಗುತ್ತಾರೆ, ಕಾಲಿಗೆ ಬೀಳುತ್ತಾರೆ, ಹಿತ್ತಲಿನಿಂದ ಓಡುತ್ತಾರೆ. ಪಕ್ಕದಲ್ಲಿ ಕುಳಿತು ಹೀಗೆ ನಗುವವರನ್ನು ಅವನು ಕಂಡಿರಲಿಲ್ಲ.

"ಅಮೀನ್ರೆ, ಐದು ತಾಲ್ಲೂಕಿನಾಗ ನಿಮಗ ಗೊತ್ತಿಲ್ಲದ ಓಣಿ ಇಲ್ಲ. ಹರಪನಹಳ್ಳಿ ಅರಸೀಕೆರಿಯಿಂದ ಗುಡೇಕೋಟಿ ತನಕ ಯಾವ ಹೊಲ ಯಾರದು, ಯಾರ ಮನ್ಯಾಗ ಅಣ್ಣತಮ್ಮ ಮಾತಾಡಂಗಿಲ್ಲ, ಎಲ್ಲ ಗೊತ್ತು. ನಿಮ್ಮಂಥೋರು ಕಂಪನಿಗೆ ಬೇಕು. ಒಂದು ಟೇಬಲ್ಲು, ಒಂದು ಜೀಪು. ನಿಮ್ಮ ಹೆಸರಿಗೂ ಒಂದು ಮೊಹರು ಕೊರಿಸಿಬಿಡೋಣೇನು? ಹೆಂಗೂ ಸಾಬ್ರು ಇಲ್ಲೇ ಅದಾರ."

ಕರಿಸಿದ್ದಪ್ಪನಿಗೆ ಒಂದು ಕ್ಷಣ, ಬರೀ ಒಂದು ಕ್ಷಣ, ಮೂವತ್ತನಾಲ್ಕು ವರ್ಷ ಬಿಸಿಲಲ್ಲಿ ಸುಟ್ಟ ತನ್ನ ಕಾಲುಗಳು ನೆನಪಾದವು. ಸರ್ಕಾರದ ಒಂದು ಕಾಗದದಲ್ಲೂ ಅವನ ಹೆಸರಿಗೆ ಮೊಹರಿರಲಿಲ್ಲ. ವರದಿಯ ಕೆಳಗೆ 'ಅಮೀನ' ಎಂದು ಕೈಯಲ್ಲಿ ಬರೆದರೆ ಅಷ್ಟೇ.

"ನನ್ನ ಹೆಸರು ಮೊಹರಿನಾಗ ಹಿಡಿಯಂಗಿಲ್ರಿ. ಭಾಳ ಉದ್ದ ಐತಿ."

"ಇರಲಿ, ವಿಚಾರ ಮಾಡ್ರಿ." ಏಕಾಂತಪ್ಪ ಅವನ ತೊಡೆಯನ್ನು ತಟ್ಟಿ ಎದ್ದ. "ಪುಸ್ತಕ ನೋಡೀರಂತ ಕಾಣ್ತೈತಿ. ಕಳಸ್ರಿ, ಕಳಸ್ರಿ, ಬ್ಯಾಡ ಅಂದೋರ್ಯಾರು? ನಾಕು ಗಂಟಿಯೊಳಗ ಮುಟ್ಟಿದ್ರ ಆತು."

ಅಷ್ಟರಲ್ಲಿ ಕಮಾಲಸಾಬ ಹಿಂದಿನ ಕೋಣೆಯಿಂದ ಬಂದ. ಕೈಯಲ್ಲಿ ಹಳೆಯ ಪತ್ರಿಕೆಯಲ್ಲಿ ಸುತ್ತಿದ ಪುಟ್ಟ ಪೊಟ್ಟಣ. ಏಕಾಂತಪ್ಪ ಅದನ್ನು ಎರಡೂ ಕೈಗಳಿಂದ ತೆಗೆದುಕೊಂಡು ಕಣ್ಣಿಗೊತ್ತಿಕೊಂಡ.

"ಸಹಿ ಮಾಡ್ರಿ ಯಜಮಾನ್ರೆ," ಎಂದ ಕಮಾಲಸಾಬ ಅಂಜುತ್ತ.

"ಇದು ನಂದಲ್ಲ ಸಾಬ್ರೆ. ಸ್ನೇಹಿತರಿಗೆ ಉಡುಗೊರಿ. ಅವರ ಬಂದಾಗ ಮಾಡ್ತಾರ. ನಿಮ್ಮ ಕೈಗುಣ ಅವರಿಗೂ ಹತ್ತಲಿ."

ಹೊರಗೆ ಬಂದವನು ಕಾರಿನೊಳಗೆ ಕೂರಲಿಲ್ಲ. ಡ್ರೈವರನ ಕಿವಿಯಲ್ಲಿ ಎರಡು ಮಾತು ಹೇಳಿದ. ಕಾರು ಒಡೆಯನನ್ನು ಬಿಟ್ಟು ಬಸ್‌ಸ್ಟ್ಯಾಂಡಿನ ದಿಕ್ಕಿಗೆ ಹೋಯಿತು. ಏಕಾಂತಪ್ಪ ರಸ್ತೆ ದಾಟಿ, ಎದುರಿನ ಚಹಾದಂಗಡಿಯ ಬೆಂಚಿನ ಮೇಲೆ ಕುಳಿತು, ಒಂದು ಮಂಡಕ್ಕಿ ಮಿರ್ಚಿಗೆ ಹೇಳಿದ. ಹೊತ್ತು ಕಳೆಯಬೇಕಾದವನು ಕುಳಿತುಕೊಳ್ಳುವ ಹಾಗೆ ಕುಳಿತ.

ಕರಿಸಿದ್ದಪ್ಪ ಹೇಳಿಕೆ ಬರೆಯಲು ಕಾಗದ ತೆಗೆದ. ಅರ್ಧ ಬರೆಯುವಷ್ಟರಲ್ಲಿ ಪೆನ್ನು ನಿಂತಿತು. ಏನೋ ತಪ್ಪಿದೆ. ಏನೆಂದು ಕೈಗೆ ಸಿಗುತ್ತಿಲ್ಲ.

"ಚಾಚಾ," ಎಂದಳು ಮುಸ್ಕಾನ್ ನಿಧಾನವಾಗಿ. "ನಾಕು ಗಂಟಿ ಅಂತ ಅವರಿಗೆ ಯಾರು ಹೇಳಿದ್ರು?"

ಕರಿಸಿದ್ದಪ್ಪ ಪೆನ್ನನ್ನು ಕೆಳಗಿಟ್ಟ.

ನಾಲ್ಕು ಗಂಟೆಯ ಮಾತು ಈ ಅಂಗಡಿಯೊಳಗಿನವರಿಗೆ ಗೊತ್ತು. ಅವರನ್ನು ಬಿಟ್ಟರೆ ಫೋನಿನ ಆ ಕಡೆಯಲ್ಲಿದ್ದವರಿಗೆ ಗೊತ್ತು.

"ಸಾಬ್ರೆ." ಕರಿಸಿದ್ದಪ್ಪ ಕಮಾಲಸಾಬನ ಕಡೆಗೆ ತಿರುಗಿದ. "ಈಗ ಕೊಟ್ರಲ್ಲ, ಆ ಮೊಹರು ಯಾರ ಹೆಸರಿಂದು?"

"ಅವರು ಯಾರಂತ ನನಗೇನ್ ಗೊತ್ರಿ? ಎಂಟು ದಿವಸದ ಹಿಂದ ಚೀಟಿ ಕೊಟ್ಟಿದ್ರು, ಹಂಗ ಕೊರದೀನಿ. ಒತ್ತು ಐತಿ ನೋಡ್ರಿ. ಪುಸ್ತಕ ಹೋಗೇತಲ್ಲ, ಬಂದಮ್ಯಾಲೆ ಹಚ್ಚಿದ್ರಾತು ಅಂತ ಕ್ಯಾಲೆಂಡರಿನ ಹಾಳಿಗೆ ಒತ್ತೀನಿ."

ನಲವತ್ತು ವರ್ಷದ ಕಟ್ಟುಪಾಡು. ಪುಸ್ತಕವಿಲ್ಲದಿದ್ದರೂ ಮೊದಲ ಒತ್ತು ತಪ್ಪಿರಲಿಲ್ಲ.

ಹಿಂದಿನ ಕೋಣೆಯಿಂದ ಬಂದ ಆ ಹಾಳೆಯಲ್ಲಿ ನೇರಳೆ ಶಾಯಿ ಇನ್ನೂ ಆರಿರಲಿಲ್ಲ. ಬುಡದಲ್ಲಿ ಸಜ್ಜೆಕಾಳಿನಷ್ಟು ಬಿಡುವು. ದುಂಡು ಗೆರೆಯ ಒಳಗೆ ಮೂರು ಸಾಲು.

ಬಿ. ಕ್ರಾಂತಿಕುಮಾರ್
ಮುಖ್ಯ ಕಾನೂನು ಸಲಹೆಗಾರರು
ಮಾರುತಾಕ್ಷಿ ಪವನಶಕ್ತಿ ಕಂಪನಿ

ಕರಿಸಿದ್ದಪ್ಪ ಮೂರು ಸಲ ಓದಿದ. ನಾಳೆ ಅರುಣಕುಮಾರನ ಹಣೆಬರಹ ಬರೆಯಬೇಕಾದವರ ಹೆಸರು. ನಿವೃತ್ತಿಗೆ ಹದಿನೆಂಟು ದಿನ ಇರುವಾಗಲೇ ಅವರ ಮುಂದಿನ ಕುರ್ಚಿಗೆ ಮೊಹರು ಸಿದ್ಧವಾಗಿತ್ತು.

ಸಮನ್ಸು ತೆಗೆದುಕೊಳ್ಳದೆ ಓಡಿದವರನ್ನು ಅವನು ಸಂತೆಯಲ್ಲಿ ಹಿಡಿದಿದ್ದ, ಬಣವೆಯೊಳಗಿಂದ ಎಬ್ಬಿಸಿದ್ದ. ಎಲ್ಲರನ್ನೂ ಸಂಶಯಿಸಿ ಬದುಕಿದ ಅವನು ಕುರ್ಚಿಯ ಮೇಲೆ ಕುಳಿತವರನ್ನು ಮಾತ್ರ ಒಂದು ದಿನವೂ ಸಂಶಯಿಸಿರಲಿಲ್ಲ. ಪುಸ್ತಕ ಎಲ್ಲಿದೆ, ಯಾರ ಕೈಯಲ್ಲಿದೆ, ಯಾವ ಬಸ್ಸಿನಲ್ಲಿದೆ ಎಂಬುದನ್ನೆಲ್ಲ ಎದ್ದುನಿಂತು, 'ಸ್ವಾಮಿ' ಎಂದು, ತಾನೇ ಹೇಳಿಕೊಟ್ಟಿದ್ದ.

ಅವನು ಪುಷ್ಪಲತಾಳ ನಂಬರು ಒತ್ತುವ ಮೊದಲೇ ಅವನ ಫೋನು ಮೊಳಗಿತು. ಅವಳೇ.

"ದೊಡ್ಡಪ್ಪಾ, ನಾ ಕಾರಿನಾಗ ಅದೀನಿ."

"ಯಾವ ಕಾರು? ಬಸ್ಸು ಏನಾತು?"

"ಬಸ್ಸಿನಾಗ ಕುಂತಿದ್ನಿ. ಇವರು ಬಂದು ನನ್ನ ಹೆಸರು ಹಿಡಿದು ಕರದ್ರು. ವಿಚಾರಣಿ ಸಾಹೇಬ್ರ ಕಾರು ಕಳಿಸ್ಯಾರಂತ. ಬಿಳಿ ಕಾರು." ಅವಳ ದನಿ ಅತಿಯಾದ ಮರ್ಯಾದೆಯಿಂದ, ಪಾಠ ಒಪ್ಪಿಸುವಂತೆ ಬರುತ್ತಿತ್ತು. "ಸಾಹೇಬ್ರು ಹರಪನಹಳ್ಳ್ಯಾಗ ಇಲ್ಲಂತ. ಗುಡೇಕೋಟಿ ಗುಡ್ಡದ ಮ್ಯಾಲೆ ಕಂಪನಿ ಗೆಸ್ಟ್ ಹೌಸಿನಾಗ ಅದಾರಂತ. ಕೂಡ್ಲಿಗಿ ರಸ್ತಾಕ್ಕ ಬಂದೀವಿ. ನಿಮಗ ಒಂದು ಫೋನ್ ಮಾಡು ಅಂತ ಇವರ ಹೇಳಿದ್ರು."

"ಯವ್ವಾ ಪುಷ್ಪಾ, ಗಂಟು ಭದ್ರ ಐತಿಲ್ಲ?"

"ಅದನ್ನ ಹೇಳಾಕ ಹತ್ತಿದ್ನಿ. ಅವಸರದಾಗ ಇಳದ್ನಿ ನೋಡ್ರಿ, ರೊಟ್ಟಿ ಗಂಟು ಸೀಟಿನ ಕೆಳಗ ಮರ್ತುಬಿಟ್ಟೆ. ಉಪವಾಸ ಏನ್ ಇರಂಗಿಲ್ಲ ನಾನು. ನೀವು ಉಣ್ಣೋರಿದ್ರ ತರಿಸ್ಕೊಳ್ರಿ. ನನ್ನ ಹ್ಯಾಂಡ್‌ಬ್ಯಾಗ್ ಇವರ ಹಿಡಕೊಂಡಾರ, ಭಾರ ಆಗ್ತೈತಿ ಅಂತ..."

ಯಾವನೋ ಗಂಡಸಿನ ಮಾತು ನಡುವೆ ಕೇಳಿಸಿತು. ಫೋನು ಕಡಿಯಿತು. ಮತ್ತೆ ಒತ್ತಿದರೆ, ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ.

ಆ ಗಂಟನ್ನು ಎದೆಯಿಂದ ಕೆಳಗಿಳಿಸದೆ ಹೋದವಳು ಅದನ್ನು ಸೀಟಿನ ಕೆಳಗೆ ಮರೆಯುವುದುಂಟೆ? ಅವಳಿಗೆ ಸಂಶಯ ಹುಟ್ಟಿತ್ತು. ಕಾರನ್ನು ನಿರಾಕರಿಸುವ ಧೈರ್ಯ ಬರಲಿಲ್ಲ, ಪುಸ್ತಕವನ್ನು ಕಾರಿನೊಳಗೆ ಒಯ್ಯುವ ಮನಸ್ಸೂ ಆಗಲಿಲ್ಲ. ಅವಳು ಪೂರ್ವಕ್ಕೆ ಹೋಗುತ್ತಿದ್ದಾಳೆ. ಅವಳ ಗಂಡನ ಬಾಳು ರೊಟ್ಟಿಗಳ ನಡುವೆ ಮುದುಡಿಕೊಂಡು, ಕೇಳುವವರಿಲ್ಲದೆ, ಬಸ್ಸಿನಲ್ಲಿ ಪಶ್ಚಿಮಕ್ಕೆ ಹೋಗುತ್ತಿದೆ. ಹ್ಯಾಂಡ್‌ಬ್ಯಾಗಿನಲ್ಲಿ ಪುಸ್ತಕವಿಲ್ಲವೆಂಬುದು ಆ ಡ್ರೈವರನಿಗೆ ಎಷ್ಟು ಹೊತ್ತಿಗೆ ತಿಳಿದೀತು?

"ಠಾಣಿಗೆ ಹೋಗೋಣ ಚಾಚಾ," ಎಂದಳು ಮುಸ್ಕಾನ್.

"ಹೋಗಿ ಏನಂತ ಹೇಳ್ತಿ? ವಿಚಾರಣಿ ಸಾಹೇಬ್ರು ಮರ್ಯಾದಿಯಿಂದ ಕಾರು ಕಳಿಸ್ಯಾರ ಅಂತ ದೂರು ಕೊಡ್ತಿಯೇನು? ನಿನ್ನ ಸ್ಕೂಟಿಗೆ ಪೆಟ್ರೋಲ್ ಐತೋ ಇಲ್ಲೋ?"

"ಐತಿ."

"ಹರಪನಹಳ್ಳಿ ಬಸ್ಸು ಊರೂರಿಗೆ ನಿಂತು ಹೋಕ್ಕೈತಿ. ಹಿಂದ ಹೋಗು. ಕಂಡಕ್ಟರಿಗೆ ರೊಟ್ಟಿ ಗಂಟು ಅಂತ ಕೇಳು, ಪುಸ್ತಕ ಅನಬ್ಯಾಡ. ಸಿಕ್ಕ್ರ ಪ್ರವಾಸಿ ಮಂದಿರದ ಕಡಿ ಮಾತ್ರ ಕಾಲಿಡಬ್ಯಾಡ. ಸೀದಾ ಅರುಣಕುಮಾರನ ಮನಿ. ಬಾಗಿಲು ಹಾಕ್ಕೊಂಡು ಕುಂದ್ರು."

"ಬೇಟಾ..." ಎಂದ ಕಮಾಲಸಾಬ. "ಆ ಎರಡೂ ಮೊಹರು ಕೊರದ ಕೈ ನಂದು. ನೀ ಯಾಕ ಹೋಗ್ತಿ?"

"ಅದಕ್ಕ ಹೋಗ್ತೀನಿ ಅಬ್ಬಾ," ಎಂದು ಅವಳು ಬುರ್ಖಾದ ಮೇಲೆ ಹೆಲ್ಮೆಟ್ಟು ಏರಿಸಿದಳು.

ಕರಿಸಿದ್ದಪ್ಪ ತನ್ನ ಕ್ಯಾನ್ವಾಸು ಚೀಲವನ್ನು ತೆರೆದ. ಅರ್ಧ ಬರೆದ ಹೇಳಿಕೆಯ ಕೆಳಗೆ ಕಮಾಲಸಾಬನಿಂದ ಸಹಿ ಹಾಕಿಸಿಕೊಂಡು ಮಡಿಚಿದ. ಕ್ಯಾಲೆಂಡರಿನ ಹಾಳೆಯ ಶಾಯಿ ಮಾಸದಂತೆ ಪ್ಲಾಸ್ಟಿಕ್ ಹೊದಿಕೆಯೊಳಗಿಟ್ಟು, ಅಂಗಿಯ ಒಳಗೆ, ಬನಿಯನ್ನಿನ ಮೇಲೆ ಸೇರಿಸಿದ. ಚೀಲದೊಳಗೆ ಅಂಟಿನ ಬಾಟಲಿ, ಶಾಯಿಯ ಡಬ್ಬಿ, ಒಂದು ಪಂಚೆ, ಅಮೀನನಾಗಿದ್ದ ದಿನಗಳ ಹಿತ್ತಾಳೆಯ ಬಿಲ್ಲೆ. ಇಷ್ಟೇ ಸಾಮಾನಿನೊಂದಿಗೆ ಅವನು ಯಾವ ಊರಿನಲ್ಲೂ ಎರಡು ದಿನಕ್ಕಿಂತ ಹೆಚ್ಚು ನಿಂತವನಲ್ಲ. ಕೊಟ್ಟೂರಿನಲ್ಲಿ ಎರಡು ತಾಸೂ ಆಗಿರಲಿಲ್ಲ.

ಮುಸ್ಕಾನಳ ಸ್ಕೂಟಿ ಎಡಕ್ಕೆ ತಿರುಗಿ ಕಣ್ಮರೆಯಾಯಿತು. ಅವನು ತನ್ನ ಹಳೆಯ ಮೊಪೆಡ್ಡನ್ನು ಮೂರು ಸಲ ತುಳಿದ. ನಾಲ್ಕನೆಯ ಸಲಕ್ಕೆ ಅದು ಹೊತ್ತಿಕೊಂಡಿತು.

ಚಹಾದಂಗಡಿಯ ಮುಂದೆ ಹಾಯುವಾಗ ಏಕಾಂತಪ್ಪ ಮಿರ್ಚಿಯ ತೊಟ್ಟನ್ನು ಕೆಳಗೆಸೆದು ಬಾಯೊರೆಸಿಕೊಂಡ. ಅವನ ಒಂದು ಕೈಯಲ್ಲಿ ಫೋನಿತ್ತು. ಸ್ಕೂಟಿ ಹೋದ ರಸ್ತೆಯನ್ನು ಒಮ್ಮೆ ನೋಡಿ, ಆಮೇಲೆ ಅಮೀನನನ್ನು ನೋಡಿದ.

"ಅಮೀನ್ರೆ," ಎಂದ, ದನಿಯೇರಿಸದೆ, ಮನೆಯವನಂತೆ. "ಗುಡೇಕೋಟಿ ರಸ್ತಾ ಕೆಟ್ಟೈತಿ. ಸಾವಕಾಶ ಹೋಗ್ರಿ. ನೀವು ಬರೋ ತನಕ ಅವರು ಊಟಕ್ಕ ಕಾಯ್ತಾರ."

ತಾನು ಗುಡೇಕೋಟೆಗೆ ಹೊರಟಿದ್ದೇನೆಂದು ಕರಿಸಿದ್ದಪ್ಪ ಯಾರ ಮುಂದೆಯೂ ಹೇಳಿರಲಿಲ್ಲ. ಪುಷ್ಪಲತಾಳ ಕೈಯಿಂದ ಆ ಫೋನು ಮಾಡಿಸಿದ್ದು ಯಾಕೆಂಬುದು ಅವನಿಗೆ ಆಗ ತಿಳಿಯಿತು. ಅವರಿಗೆ ಪುಸ್ತಕ ಬೇಕು. ಪುಸ್ತಕವನ್ನು ಓದಿದವನೂ ಬೇಕು.

ಅಂಗಿಯೊಳಗಿನ ಪ್ಲಾಸ್ಟಿಕ್ ಹೊದಿಕೆ ಬೆವರಿಗೆ ಬನಿಯನ್ನಿಗಂಟಿಕೊಂಡಿತ್ತು. ಅವನು ಚೀಲದ ಪಟ್ಟಿಯನ್ನು ಬಿಗಿ ಮಾಡಿಕೊಂಡು, ಮೊಪೆಡ್ಡಿನ ಮುಖವನ್ನು ಕೂಡ್ಲಿಗಿಯ ರಸ್ತೆಗೆ ತಿರುಗಿಸಿದ.